ದೀಪ ಹತ್ತದ ಡಾಂಗಲ್

ನನ್ನ ಓರಗಿತ್ತಿ ತೀರಿಕೊಂಡು ಹದಿನೈದು ದಿನವಾಗಿತ್ತು. ಅವರನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಮನೆಗೆಲಸ, ಹಸುಗಳ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ದೂರಶಿಕ್ಷಣದಲ್ಲಿ ಬಿ.ಎ. ಓದುತ್ತಿದ್ದರು. ಚರಿತ್ರೆಯ ಒಂದೇ ಒಂದು ಅಸೈನ್‌ಮೆಂಟು ಕಳಿಸುವುದು ಬಾಕಿ ಇತ್ತು. ಬರೆದು ಮುಗಿಸಿ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದರು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ಅದೊಂದು ಕಳಿಸ್ಬುಡೇ, ಮರೀಬೇಡ" ಅಂದಿದ್ದರು. ಕಳಿಸಲು ಈ ಹದಿನೈದನೆಯ ದಿನದ ಸಂಜೆ ಐದು ಗಂಟೆಯೇ ಕಡೆ.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯ ಹತ್ತಿರ ಮಾತ್ರ. ಕೊಬ್ಬರಿಯಾಗಲೆಂದು ಕಾಯಿ ಹಾಕಿರುವ ಅಟ್ಟ ಅದು. ಕಾಯಿಗಳನ್ನು ಒಂದು ಪಕ್ಕಕ್ಕೆ ಸರಿಸಿ ಅಕ್ಕ ಅಲ್ಲೊಂದು ಗಿಡ್ಡ ಮೇಜು ಇಟ್ಟುಕೊಂಡಿದ್ದರು. ನಾನು ಆ ಮೇಜಿನ ಮುಂದೆ ಕೂತು, ಅವರು ಮಾಡುತ್ತಿದ್ದಂತೆಯೇ ಇಂಟರ್ನೆಟ್ಟಿನ ಡಾಂಗಲನ್ನು ಲ್ಯಾಪ್‌ಟಾಪಿಗೆ ಚುಚ್ಚಿದೆ. ಮೊದಲು ಕೆಂಪು, ಆಮೇಲೆ ಹಸಿರು ದೀಪ ಬರಬೇಕು. ಏನೂ ಬರಲಿಲ್ಲ. ಪಕ್ಕದ ತೂತಿಗೆ ಹಾಕಿದೆ. ಊದಿದೆ. ಸೆರಗಿನಲ್ಲಿ ಒರೆಸಿದೆ. ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದೆ. ಅದು ಸುಮ್ಮನೆ ಕೂತಿತ್ತು.

ಕೆಳಗೆ ತಂದಾಗ ಅತ್ತೆ ಅದನ್ನು ನನ್ನ ಕೈಯಿಂದ ಇಸಕೊಂಡರು. ಕಾಯಿಯನ್ನು ಪರೀಕ್ಷಿಸುವ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಒಳ್ಗೇನೂ ಅಲ್ಲಾಡ್ತಿಲ್ಲ. ಇನ್ನೂ ಕೊಬ್ರಿ ಆಗಿಲ್ಲ ಬುಡೇ ಇದು" ಎಂದು ತಾವೇ ನಕ್ಕರು. ಆಮೇಲೆ, "ಅವ್ಳೇ ಇಲ್ಲ. ಇನ್ಯಾರು ಪಾಸಾಗ್ಬೇಕು? ಹಸ ಕೂಗ್ತಾವೆ, ಹೋಗಿ ಹುಲ್ಲಾಕು" ಅಂದರು.

ಹದಿನೈದು ದಿನಕ್ಕೇ ನಗು ಬರುತ್ತದೆ ಇವರಿಗೆ ಅನ್ನಿಸಿತು. ನಾನು ಹುಲ್ಲು ಹಾಕಲಿಲ್ಲ. ಡಾಂಗಲನ್ನು ಅವರಿಂದ ಇಸಕೊಂಡು, ಲ್ಯಾಪ್‌ಟಾಪಿನ ಜೊತೆ ಬ್ಯಾಗಿಗೆ ಹಾಕಿಕೊಂಡು ತಿಪಟೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅತ್ತೆಯನ್ನು ಬೈದೆ. ಎಂಟು ವರ್ಷದಿಂದ ನುಂಗಿಕೊಂಡಿದ್ದನ್ನೆಲ್ಲ ಬೈದೆ.

ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿಯೊಂದಿದೆ. ಅಂಗಡಿಯವನು ಡಾಂಗಲ್ಲಿನ ಮೂತಿ ನೋಡಿ ಹುಬ್ಬು ಗಂಟಿಕ್ಕಿದ. ತಗಡಿನ ಒಳಗೆಲ್ಲ ಹಸಿರು ಕಿಲುಬು ಹಿಡಿದಿತ್ತು.

"ನೀರು ಬಿತ್ತಾ ಅಕ್ಕ?"

"ಇಲ್ಲ."

ಸ್ಕ್ರೂಡ್ರೈವರಿನಲ್ಲಿ ಮೀಟಿ ಬಿಚ್ಚಿದ. ಮೂಗಿನ ಹತ್ತಿರ ಹಿಡಿದವನು ತಟ್ಟನೆ ಮುಖ ತಿರುಗಿಸಿದ. "ನೀರಲ್ಲ ಕಣಕ್ಕ, ಗಂಜಲ. ಸೂತಕ ಕಳ್ಯಾಕೆ ಚಿಮುಕ್ಸಿದ್ರಾ? ಹಿಂಗೇ ಟೀವಿ ಬಂದೈತೆ, ಮಿಕ್ಸಿ ಬಂದೈತೆ ನನ್ತಾವ. ಡಾಂಗಲ್ಲು ಇದೇ ಮೊದ್ಲು."

ಹನ್ನೊಂದನೆಯ ದಿನ ಅತ್ತೆ ಇಡೀ ಮನೆಗೆ ಗಂಜಲ ಹಾಕಿಸಿದ್ದರು. ಮಂಡಿ ನೋವಿನಿಂದ ಅವರು ಏಣಿ ಹತ್ತಲಾರರು. ಚೊಂಬು, ಮಾವಿನ ಸೊಪ್ಪು ನನ್ನ ಕೈಗೆ ಕೊಟ್ಟು, "ಅಟ್ಟಕ್ಕೂ ಚಿಮುಕ್ಸು, ಅವ್ಳ ಮೇಜಿಗೆ ಚೆನ್ನಾಗಿ ಚಿಮುಕ್ಸು" ಅಂದಿದ್ದರು. ಹತ್ತಿದವಳು ನಾನು. ಸೊಪ್ಪನ್ನು ಅದ್ದಿ ಅದ್ದಿ ಮೂರು ಸಲ ಚಿಮುಕಿಸಿದವಳು ನಾನು. ಡಾಂಗಲ್ ಮುಚ್ಚಳವಿಲ್ಲದೆ ಅಲ್ಲೇ ಬಿದ್ದಿತ್ತು. ನೋಡಿಯೂ ಇದ್ದೆ. ಅಕ್ಕ ಕೂತು ಓದಿದ ಜಾಗ ಮೈಲಿಗೆ ಎಂದು ನಾನು ನಂಬಿದ್ದೆನೇ? ಇಲ್ಲ. ನಂಬದೆಯೇ, ಒಂದು ಮಾತೂ ಆಡದೆ ಮಾಡಿದ್ದೆ. ಅಂಗಡಿಯಲ್ಲಿ ನಿಂತು ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ಇವತ್ತು ಐದು ಗಂಟೆಯೊಳಗೆ ಒಂದು ಅಸೈನ್‌ಮೆಂಟು ಕಳಿಸಬೇಕು" ಅಂದೆ. "ಓಟಿಪಿ ಬರುವುದು ಇದರ ಸಿಮ್ಮಿಗೇ."

"ಅದನ್ನ ಮೊದ್ಲೇ ಹೇಳ್ಬಾರ್ದಾ? ಡಾಂಗಲ್ ಮುಗೀತು. ಸಿಮ್ ಬದುಕಿದ್ರೂ ಬದುಕಿರ್ಬೋದು." ಸಿಮ್ ತೆಗೆದು, ಒರೆಸಿ, ನನ್ನ ಬಟನ್ ಫೋನಿಗೆ ಹಾಕಿದ. ಲ್ಯಾಪ್‌ಟಾಪಿಗೆ ತನ್ನ ಅಂಗಡಿಯ ಇಂಟರ್ನೆಟ್ ಕೊಟ್ಟ. ಅಕ್ಕನ ಪಾಸ್‌ವರ್ಡ್ ಅದರಲ್ಲೇ ಉಳಿದಿತ್ತು. ಫೋನ್ ಟಣ್ ಎಂದಿತು. ಆರು ಅಂಕಿ. ನಾನು ಓದಿದೆ, ಅವನು ಒತ್ತಿದ. ಅಸೈನ್‌ಮೆಂಟು ಅಪ್‌ಲೋಡ್ ಆಯಿತು. ಕೊನೆಯಲ್ಲಿ ಒಂದು ಚೌಕ, ಪಕ್ಕದಲ್ಲಿ ಒಂದು ಸಾಲು: ಇದು ನನ್ನ ಸ್ವಂತ ಬರವಣಿಗೆ.

"ಅಲ್ಲಿ ಟಿಕ್ ಮಾಡಿ."

"ಬರೆದವಳು ನಾನಲ್ಲ."

"ಬರ್ದೋರನ್ನ ಕರ್ಕೊಂಬರ್ಬೇಕಿತ್ತು ಮತ್ತೆ" ಎಂದು ನಕ್ಕ.

"ಸೂತಕ ಯಾರ್ದು ಅನ್ಕೊಂಡ್ರಿ?"

ನನ್ನ ದನಿ ಅಷ್ಟು ಜೋರಾಗಿ ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಪಾಪ, ಅವನದೇನೂ ತಪ್ಪಿರಲಿಲ್ಲ. ಅವನು ಮೌಸನ್ನು ನನ್ನ ಕಡೆ ಸರಿಸಿದ. ನಾನು ಟಿಕ್ ಮಾಡಿದೆ. ನಾಲ್ಕೂವರೆಗೆ ಅಕ್ಕನ ಹೆಸರು ಹಿಡಿದು ಒಂದು ಮೆಸೇಜು ಬಂತು: ತಲುಪಿದೆ.

ಮನೆಗೆ ಬಂದಾಗ ಅತ್ತೆ ಮುದ್ದೆ ತೊಳಸುತ್ತಿದ್ದರು. "ಆಯ್ತಾ ನಿನ್ನ ಸವಾರಿ? ಸತ್ತೋಳ ಹೆಸ್ರಲ್ಲಿ ಊರೆಲ್ಲಾ ಸುತ್ಕೊಂಡು ಬಂದ್ಯಾ?"

"ಬದುಕಿದ್ದಾಗ ಬರ್ದಿದ್ದು ಅತ್ತೆ. ಬದುಕಿದ್ದೋಳ ಹೆಸ್ರಲ್ಲೇ ಕಳಿಸ್ದೆ. ನೀವು ಹೇಳಿದ್ರಿ ಅಂತ ಅವ್ರ ಮೇಜಿಗೆ ಗಂಜಲ ಹಾಕ್ದೆ. ಇನ್ಮೇಲೆ ಅಂಥದ್ದು ನಂಗೆ ಹೇಳ್ಬೇಡಿ."

ಅವರು ಕೋಲು ನಿಲ್ಲಿಸಿ ನನ್ನನ್ನೇ ನೋಡಿದರು. ತಟ್ಟೆ ಎಳೆದುಕೊಂಡು, "ಮುದ್ದೆ ಆರೋಯ್ತದೆ, ಕೂತ್ಕೋ" ಅಂದರು.

ನಾನು ಕೂರಲಿಲ್ಲ. ಹಸುಗಳಿಗೆ ಹುಲ್ಲು ಹಾಕಲು ಹೋದೆ.