ಮುಖಪುಟದ ಬೆನ್ನ ಹಿಂದೆ ಪಿನ್ನಕ್ಕ

ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ ಪಿನ್ನಕ್ಕನಿಗೆ ಇದು ಮೊದಲ ಮಾಮೂಲಿ ಬೆಳಗು. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ಟುಡಿಯೋದ ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಆಗಲೇ ಬಿಸಿಯಾಗಿದೆ. ಬಿಳಿ ಪರದೆಯ ಮುಂದೆ ಹಸಿರು ಗೌನು ತೊಟ್ಟ ನಟಿಯೊಬ್ಬರು ನಿಂತಿದ್ದಾರೆ. ಗೌನಿನೊಳಗೆ ಇನ್ನೊಬ್ಬರಿಗೂ ಜಾಗವಿದೆ. ಪಿನ್ನಕ್ಕ ಅವರ ಹಿಂದೆ ಮಂಡಿಯೂರಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಹೆಚ್ಚಾದ ಬಟ್ಟೆಯನ್ನು ಹಿಡಿಹಿಡಿಯಾಗಿ ಒಟ್ಟುಮಾಡಿ ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ ಬಿಗಿಯುತ್ತಿದ್ದಾರೆ. ಮುಂದಿನಿಂದ ನೋಡಿದರೆ ಮೈಗೇ ಹೊಲಿದ ಉಡುಪು. ಹಿಂದಿನಿಂದ ನೋಡಿದರೆ ಮುಳ್ಳುಹಂದಿ.

"ಇನ್ನೊಂದಷ್ಟು ದಿನ ಬಿಟ್ಟು ಬರಬಹುದಿತ್ತಲ್ಲಮ್ಮ," ಎನ್ನುತ್ತಾರೆ ವಾರಪತ್ರಿಕೆಯ ಸಂಪಾದಕಿ.

ಪಿನ್ನಕ್ಕ ಬಾಯಿಂದ ಪಿನ್ನು ತೆಗೆಯುತ್ತಾರೆ. "ಮನೇಲಿದ್ರೆ ಗೋಡೆ ನೋಡ್ತಾ ಕೂರ್ಬೇಕು ಮೇಡಂ. ಇಲ್ಲಿ ಬೆನ್ನಾದ್ರೂ ನೋಡ್ತೀನಿ."

"ಸದ್ಯ, ನನ್ನ ಬೆನ್ನು ಗೋಡೆಗಿಂತ ವಾಸಿ ಅಂತಾಯ್ತು," ಎನ್ನುತ್ತಾರೆ ನಟಿ.

"ನಗಬೇಡಿ ತಾಯಿ. ನಕ್ಕರೆ ಕ್ಲಿಪ್ಪು ಹಾರಿ ಕ್ಯಾಮೆರಾ ಅಣ್ಣನ ಕಣ್ಣಿಗೆ ಬೀಳತ್ತೆ."

ದೀಪ ಹಿಡಿದವರು, ಮೇಕಪ್ ಮಾಡುವವರು ಎಲ್ಲರೂ ನಗುತ್ತಾರೆ. ಅಲ್ಲಿಯವರೆಗೆ ಅವರೆಲ್ಲ ಯಾರ ಕಣ್ಣನ್ನು ಯಾರು ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದರು.

ನಟಿಯ ಸಿನಿಮಾ ಬಿಡುಗಡೆಗೆ ಸಿದ್ಧವಾಗಿದೆ. ಆದ್ದರಿಂದ ಅವರಿಗೆ ಮುಖಪುಟ ಬೇಕು. ಮುಖಪುಟಕ್ಕೂ ಅಂಥದೊಂದು ಮುಖ ಬೇಕು. ಪತ್ರಿಕೆಗೆ ಓದುಗರು ಕೊಡುವ ಬೆಲೆ ಕಾಗದಕ್ಕೂ ಸಾಲದು. ಅದರ ಹೊಟ್ಟೆ ತುಂಬಿಸುವುದು ಒಳಪುಟದ ಜಾಹೀರಾತು. ಮುಖ ನೋಡಿ ಓದುಗರು ಬರುತ್ತಾರೆ, ಓದುಗರನ್ನು ನೋಡಿ ಜಾಹೀರಾತು ಬರುತ್ತದೆ. ನಟಿ ತೊಟ್ಟ ಗೌನು ಒಂದು ಅಂಗಡಿಯದು, ಓಲೆ ಇನ್ನೊಂದರದು, ಹಿಂದಿರುವ ಕುರ್ಚಿ ಮತ್ತೊಂದರದು. ಎಲ್ಲವೂ ಕಡ ತಂದದ್ದು. ಬದಲಿಗೆ ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಆ ಅಂಗಡಿಗಳ ಹೆಸರು ಬರುತ್ತದೆ. ಇಂದು ಇರುವೆ ಸಾಲಿನಲ್ಲಿ ಬಂದ ಅಂಗಡಿ ಮುಂದೊಂದು ದಿನ ಪೂರ್ತಿ ಪುಟ ಕೊಂಡುಕೊಂಡೀತು ಎಂಬುದು ಪತ್ರಿಕೆಯ ಆಸೆ.

ಹೀಗೆ ಅಂಗಡಿ ಅಂಗಡಿ ತಿರುಗಿ ಕಡ ತರುತ್ತಿದ್ದವರು ಪಿನ್ನಕ್ಕನ ಗಂಡ. ಕಚೇರಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಅವರು ಕಡದಣ್ಣ.

"ಅವರು ತಮಾಷೆ ಮಾಡೋರು," ಎನ್ನುತ್ತಾರೆ ಪಿನ್ನಕ್ಕ. "ನಟ ತನ್ನ ಸಿನಿಮಾ ಮಾರ್ತಾನೆ, ಅಂಗಡಿಯವರು ಶೂ ಮಾರ್ತಾರೆ, ಪತ್ರಿಕೆ ಅವರಿಬ್ಬರನ್ನೂ ಮಾರತ್ತೆ. ಮಾರಾಟಕ್ಕಿಲ್ಲದೇ ಇರೋದು ನಾವಿಬ್ರೇ ಕಣೇ, ನಮ್ಮನ್ನ ಯಾರು ಕೊಳ್ತಾರೆ ಅನ್ನೋರು."

ತಾಯಿಯ ಹೊಲಿಗೆ ಯಂತ್ರದ ಬುಡದಲ್ಲಿ ಬೆಳೆದ ಪಿನ್ನಕ್ಕ ಈ ಸ್ಟುಡಿಯೋಗೆ ಬಂದದ್ದು ಪರದೆಯ ಅಂಚು ಹೊಲಿಯಲು. ಅಂದು ಯಾವನೋ ಗಾಯಕನ ಕೋಟು ಜೋತುಬಿದ್ದಿತ್ತು. ಕತ್ತರಿಸುವಂತಿಲ್ಲ, ಅಂಗಡಿಗೆ ಮರಳಬೇಕು. ಇವರು ಸುಮ್ಮನೆ ಹಿಂದೆ ಹೋಗಿ ಪಿನ್ನು ಹಾಕಿದರು. ಕೋಟು ತಂದಿದ್ದ ತರುಣ, ಅವರು ಪಿನ್ನು ತೆಗೆದ ಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ತೂತಿನ ಗುರುತೂ ಇರಲಿಲ್ಲ. "ನಾಳೆಯೂ ಬರ್ತೀರಾ?" ಎಂದು ಕೇಳಿದ. ಮದುವೆಯ ಮಾತು ಅಲ್ಲಿಂದಲೇ ಶುರು.

ಇವರ ಕೆಲಸಕ್ಕೆ ಇವರದೇ ಕಟ್ಟುಪಾಡುಗಳಿವೆ. ಬೆಲೆಯ ಚೀಟಿ ಕೀಳುವಂತಿಲ್ಲ, ಒಳಗೆ ಮಡಚಬೇಕು. ಕುತ್ತಿಗೆಪಟ್ಟಿಗೆ ಬಣ್ಣ ತಾಗದಂತೆ ತೆಳು ಕಾಗದ ಇಡಬೇಕು. ಶೂ ಆದರೆ ಅಡಿಯ ಅಟ್ಟೆಗೆ ಪೂರ್ತಿ ಟೇಪು ಅಂಟಿಸಬೇಕು; ಅದನ್ನು ತೊಟ್ಟವರು ಎಲ್ಲಿ ನಡೆದರೂ ಶೂ ಮಾತ್ರ ನೆಲ ಮುಟ್ಟಿರಬಾರದು. ಮರಳಿಸುವಾಗ ಆ ಟೇಪನ್ನು ಕೀಳುವುದು ಅಂಗಡಿಯ ಯಜಮಾನರ ಕಣ್ಣೆದುರಿನಲ್ಲೇ. ಇದು ಕಡದಣ್ಣ ಹಾಕಿದ ರೂಢಿ. ಅಟ್ಟೆ ಹೊಳೆಯುವುದನ್ನು ಅವರ ಕಣ್ಣಿಗೆ ತೋರಿಸಿದರೆ ಮುಂದಿನ ಕಡಕ್ಕೆ ಬಾಯಿಬಿಟ್ಟು ಕೇಳುವ ಪ್ರಮೇಯವೇ ಇಲ್ಲ.

ಹೋದ ಸಲದ ಮುಖಪುಟದ ನಟ ತೊಟ್ಟಿದ್ದ ಕಪ್ಪು ಶೂ ಮರುದಿನ ಅಂಗಡಿಗೆ ಹೋಗಬೇಕಿತ್ತು. ಡಬ್ಬಿಯನ್ನು ಮನೆಯಲ್ಲಿಟ್ಟು ಹಾಲು ತರಲು ಹೊರಟ ಕಡದಣ್ಣ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ.

ಕೊನೆಯ ಸಲ ಒಳ್ಳೆಯ ಬಟ್ಟೆ ಉಡಿಸಿ ಕಳಿಸಬೇಕೆಂದು ಕಡದಣ್ಣನ ಒಡಹುಟ್ಟಿದ ಅಣ್ಣ ಮನೆಯೆಲ್ಲ ಹುಡುಕಿದರು. ಕಾಲಿಗೆ ತಮ್ಮನ ಸ್ವಂತದ್ದೆಂದು ಇದ್ದದ್ದು ಹಿಮ್ಮಡಿ ಸವೆದ ಚಪ್ಪಲಿ ಮಾತ್ರ. ಹೊಸ ಶೂ ಕಂಡು ಅಣ್ಣನಿಗೆ ಸಮಾಧಾನವಾಯಿತು. ತಾವೇ ತಮ್ಮನ ಕಾಲಿಗೆ ಹಾಕಿದರು. ಶವಪೆಟ್ಟಿಗೆಯ ಮುಚ್ಚಳ ಹಾಕಲು ಜನ ಮುಂದೆ ಬಂದಾಗ ಕಾಲ ಬುಡದಲ್ಲಿ ನಿಂತಿದ್ದ ಪಿನ್ನಕ್ಕನಿಗೆ ಕಂಡದ್ದು ಟೇಪು. ಅವರೇ ಅಂಟಿಸಿದ ಟೇಪು.

"ಅದನ್ನ ಬಿಚ್ಚಿ ಭಾವ. ನಮ್ಮದಲ್ಲ, ಕಡದ್ದು."

"ಸತ್ತವನ ಕಾಲಿಂದ ಶೂ ಕೀಳಿಸ್ತೀಯಾ? ಜನ ನೋಡ್ತಿದ್ದಾರೆ. ದುಡ್ಡು ನಾನು ಕೊಡ್ತೀನಿ, ಸುಮ್ನಿರು."

ನೆಂಟರ ಗುಂಪಿನಲ್ಲಿ ಯಾರೋ, "ಕಣ್ಣಲ್ಲಿ ಹನಿ ನೀರಿಲ್ಲ, ಶೂ ಚಿಂತೆ," ಎಂದರು. ಆಗ ಎದ್ದು ಬಂದವರು ಅತ್ತೆ. "ನನ್ನ ಮಗ ಯಾರ ಸೂಜೀನೂ ಇಟ್ಕೊಂಡವನಲ್ಲ. ಈಗ ಶೂ ಇಟ್ಕೊಂಡು ಹೋಗ್ಬೇಕಾ?" ಎಂದು, ಮಗನ ಪಾದ ಮಡಿಲಲ್ಲಿಟ್ಟುಕೊಂಡು ಲೇಸು ಬಿಚ್ಚಿದರು. ಕಡದಣ್ಣ ಕಾಲುಚೀಲದಲ್ಲೇ ಹೋದರು.

"ಅವತ್ತು ಅತ್ತೆ ಕೈ ಹಾಕದಿದ್ರೆ ನನ್ನಿಂದ ಆಗ್ತಿರಲಿಲ್ಲ," ಎನ್ನುತ್ತಾರೆ ಪಿನ್ನಕ್ಕ. ಯಾರು ಏನು ಮಾಡಿದರೆಂಬುದೆಲ್ಲ ಅವರಿಗೆ ನೆನಪಿದೆ. ಕ್ಯಾಮೆರಾ ಅಣ್ಣ ಹೆಗಲು ಕೊಟ್ಟರು. ಮೇಕಪ್ ಹುಡುಗಿ ರಾತ್ರಿ ಅತ್ತೆಯ ಪಕ್ಕದಲ್ಲೇ ಮಲಗಿದಳು. ಸಂಪಾದಕಿ ಮುಖಪುಟದ ಕೆಲಸವನ್ನು ಮುಂದಕ್ಕೆ ಹಾಕಿ ಕಾದರು. "ನಂಗೆ ಅಳೋಕೂ ಆಗ್ಲಿಲ್ಲ. ನನ್ನ ಪಾಲಿನ ಅಳುವನ್ನ ಇವರೇ ಹಂಚ್ಕೊಂಡು ಅತ್ತರು."

ಈಗ ಕಡ ತರುವ ಕೆಲಸವನ್ನೂ ಪಿನ್ನಕ್ಕನಿಗೇ ಕೊಡಬೇಕೆಂದು ಸಂಪಾದಕಿಗಿದೆ. ಆದರೆ ಅಂಗಡಿಯವರು ಇವರ ಕೈಗೆ ಕೊಡಬೇಕಲ್ಲ. ಅವರೆಲ್ಲ ಕೊಡುತ್ತಿದ್ದದ್ದು ಕಡದಣ್ಣನ ಮುಖ ನೋಡಿ. ಇವರಿಗೆ ಕೊಡದಿದ್ದರೆ ಆ ಕೆಲಸ ಹೊರಗಿನ ಏಜೆನ್ಸಿಗೆ ಹೋಗುತ್ತದೆ. ಏಜೆನ್ಸಿ ತನ್ನ ಜನರನ್ನೇ ತರುತ್ತದೆ, ಪಿನ್ನು ಹಾಕುವವರನ್ನೂ. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ. ಎಲ್ಲಕ್ಕೂ ಮೊದಲ ಬಾಗಿಲು ಆ ಶೂ ಅಂಗಡಿಯದು. ಅದರ ಯಜಮಾನರು ಪೂರ್ತಿ ಪುಟದ ಜಾಹೀರಾತಿನ ಮಾತನ್ನೂ ಆಡಿದ್ದಾರೆ.

ಹಸಿರು ಗೌನು ಮಡಚಿಟ್ಟ ಮೇಲೆ ಸಂಪಾದಕಿ ಪಿನ್ನಕ್ಕನನ್ನು ಪಕ್ಕಕ್ಕೆ ಕರೆಯುತ್ತಾರೆ. "ಶೂ ಹೊಸದಾಗೇ ಇದೆಯಲ್ಲ. ಟೇಪು ಕಿತ್ತು ತೋರಿಸಿ ಇಟ್ಟು ಬಾ. ಯಾರ ಕಾಲಲ್ಲಿತ್ತು ಅಂತ ಯಾಕೆ ಹೇಳ್ತೀಯ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ಗೊತ್ತು ಮೇಡಂ. ನೀವು ಕೆಟ್ಟದ್ದು ಬಯಸೋರಲ್ಲ."

ಶೂ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ನಡೆದೇ ಹೋಗುತ್ತಾರೆ. ದಾರಿಯ ಪತ್ರಿಕೆ ಗೂಡಂಗಡಿಯಲ್ಲಿ ಹೋದ ಸಲದ ಮುಖಪುಟ ತೂಗುತ್ತಿದೆ: ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ನಟ, ಮಿರಮಿರ ಮಿಂಚುವ ಕಪ್ಪು ಶೂ. ಯಾರೋ ಅದನ್ನು ಕೊಳ್ಳುತ್ತಿದ್ದಾರೆ. ಪಿನ್ನಕ್ಕ ಡಬ್ಬಿಯನ್ನು ಇನ್ನೊಂದು ಕಂಕುಳಿಗೆ ಬದಲಾಯಿಸುತ್ತಾರೆ.

ಅಂಗಡಿಯ ಯಜಮಾನರು ಇವರನ್ನು ಕಂಡು ಎದ್ದು ನಿಲ್ಲುತ್ತಾರೆ. "ಕೂರಮ್ಮ. ಮನೆಗೆ ಬರೋಣ ಅಂದ್ಕೊಂಡೆ, ಕಾಲು ಬರಲಿಲ್ಲ."

ಪಿನ್ನಕ್ಕ ಕೂರುವುದಿಲ್ಲ. ಡಬ್ಬಿ ತೆರೆದು ಶೂ ಹೊರಗಿಡುತ್ತಾರೆ. ಟೇಪು ಕೀಳುವುದಿಲ್ಲ. "ಯಜಮಾನ್ರೇ, ಇದು ತಪ್ಪಿ ಅವರ ಕಾಲಿಗೆ ಹೋಗಿತ್ತು. ಪೆಟ್ಟಿಗೆಯೊಳಗೆ. ಮುಚ್ಚೋಕೆ ಮುಂಚೆ ನೋಡಿ ಬಿಚ್ಚಿಸಿದೆ. ಹೇಳದೆ ಇಟ್ಟು ಹೋದ್ರೆ ಯಾರೋ ಪಾಪ ಗೊತ್ತಿಲ್ದೆ ಕೊಂಡು ಹಾಕ್ಕೋತಾರೆ. ಇದನ್ನ ನಿಮಗೆ ತಲುಪಿಸಬೇಕಿತ್ತು, ಹೇಳಲೂ ಬೇಕಿತ್ತು."

ಯಜಮಾನರು ಶೂ ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ. "ಇದರಲ್ಲಿ ಅವನು ನಡೆದನಾ?"

"ಒಂದು ಹೆಜ್ಜೇನೂ ಇಲ್ಲ."

"ಹಾಗಾದ್ರೆ ಹೊಸದೇ. ಆದ್ರೆ ಮಾರಕ್ಕಾಗಲ್ಲ." ಅವರು ಗಿರಾಕಿಗಳ ಸ್ಟೂಲಿನ ಮೇಲೆ ಕೂತು ತಮ್ಮ ಚಪ್ಪಲಿ ಬಿಡುತ್ತಾರೆ. "ಅವನು ಯಾವಾಗ್ಲೂ ನನ್ನೆದುರೇ ಕೀಳ್ತಿದ್ದ. ನೀನೂ ಕೀಳು, ನೋಡ್ತೀನಿ."

ಪಿನ್ನಕ್ಕ ಟೇಪನ್ನು ತುದಿಯಿಂದ ಹಿಮ್ಮಡಿಯವರೆಗೆ ಹರಿಯದಂತೆ ಎಳೆಯುತ್ತಾರೆ. ಅಟ್ಟೆ ಹೊಳೆಯುತ್ತದೆ. ಯಜಮಾನರು ಕಾಲು ತೂರಿಸಿ ಲೇಸು ಕಟ್ಟಿ ಎದ್ದು ನಿಲ್ಲುತ್ತಾರೆ.

"ಸ್ವಲ್ಪ ಬಿಗಿ."

"ನಡೀತಾ ನಡೀತಾ ಸಡಿಲ ಆಗತ್ತೆ ಯಜಮಾನ್ರೇ."

ಅವರು ಬಾಗಿಲು ದಾಟಿ, ಬೀದಿಯ ಧೂಳಿನಲ್ಲಿ ನಾಲ್ಕು ಹೆಜ್ಜೆ ಹಾಕುತ್ತಾರೆ. ಅಲ್ಲಿಂದಲೇ, ತಿರುಗಿ ನೋಡದೆ, "ಮುಂದಿನ ಮುಖಪುಟ ಯಾರದ್ದಮ್ಮ?" ಎಂದು ಕೇಳುತ್ತಾರೆ.

"ಒಬ್ಬಳು ಹಾಡೋ ಹುಡುಗಿ. ಪುಟ್ಟ ಪಾದ."

"ಹೆಂಗಸರದ್ದು ಒಳಗೆ, ಎಡಗಡೆ ಗೂಡು. ನೀನೇ ನೋಡಿ ತಗೋ."

ಪಿನ್ನಕ್ಕ ಕಿತ್ತ ಟೇಪನ್ನು ಉಂಡೆ ಮಾಡಿ ಚೀಲಕ್ಕೆ ಹಾಕಿಕೊಂಡು ಒಳಗೆ ಹೋಗುತ್ತಾರೆ.