ಕಿಟಕಿ ಇಲ್ಲದ ಗೋಡೆ

ಕಾಡುಗೋಡಿಯ ನಮ್ಮ ಮನೆಯ ಪೂರ್ವದ ಗೋಡೆಗೆ ನೆಲದಿಂದ ತಾರಸಿಯವರೆಗೆ ಒಂದೂ ಕಿಟಕಿ ಇರಲಿಲ್ಲ. ಎರಡನೆಯ ಮಹಡಿಯಲ್ಲಿ ಆ ಗೋಡೆಗೆ ಒತ್ತಿಕೊಂಡೇ ನನ್ನ ಕೋಣೆ. ಏಪ್ರಿಲ್ ತಿಂಗಳಲ್ಲಿ ಅಲ್ಲಿ ಒಲೆಯಿಲ್ಲದೆ ಹಪ್ಪಳ ಸುಡಬಹುದಿತ್ತು. ಹಾಗಾಗಿ ಬೀದಿಚಿತ್ರದವರು ಬಂದು ಕತ್ತೆತ್ತಿ ನೋಡಿ, "ಎಂಥಾ ಅದ್ಭುತ ಗೋಡೆ! ಒಂದೇ ಒಂದು ಕಿಟಕಿ ಇಲ್ಲ!" ಎಂದು ಸಂಭ್ರಮಪಟ್ಟಾಗ ನನಗೆ ಸಿಟ್ಟೇ ಬಂತು. ಆದರೆ ಮನೆಗೆ ಬಂದವರು, ಕಾಫಿ ಮಾಡಿಕೊಟ್ಟೆ.

ಮೆಟ್ರೊ ಬಂದ ಮೇಲೆ ನಮ್ಮ ಕಡೆಯ ಗೋಡೆಗಳಿಗೆ ಕಾಲ ಕೂಡಿಬಂದಿತ್ತು. ಹತ್ತಾರು ಮನೆಗಳ ಗೋಡೆಯ ಮೇಲೆ ಚಿತ್ರ ಬರೆಯಿಸಿ, ಒಂದು ತಿಂಗಳು ಬೀದಿಯನ್ನೇ ಪ್ರದರ್ಶನ ಮಾಡುತ್ತಾರಂತೆ. ಜನ ಕೈಯಲ್ಲಿ ನಕ್ಷೆ ಹಿಡಿದು ನಡೆದು ನೋಡುತ್ತಾರಂತೆ. ನಮ್ಮ ಗೋಡೆ ಪುಣೆಯ ಒಬ್ಬ ಕಲಾವಿದೆಯ ಪಾಲಿಗೆ ಬಂತು. ಮೊಣಕಾಲಿನವರೆಗೆ ಬಣ್ಣ ಮೆತ್ತಿದ ಪ್ಯಾಂಟಿನ, ಮೂವತ್ತರ ಆಸುಪಾಸಿನ ಹೆಂಗಸು. ಯಾಕೆ ಕಿಟಕಿ ಇಟ್ಟಿಲ್ಲ ಎಂದು ಆಕೆ ಅಮ್ಮನನ್ನು ಕೇಳಿದಳು.

"ಗಾಳಿ ಬರ್ತದೆ ಅಂತ," ಎಂದಳು ಅಮ್ಮ.

ನಮ್ಮ ಕಡೆಯವರು ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಪಕ್ಕದ ಖಾಲಿ ಸೈಟಿನವರು ಇವತ್ತಲ್ಲ ನಾಳೆ ಗೋಡೆಗೆ ಗೋಡೆ ಅಂಟಿಸಿ ಕಟ್ಟುತ್ತಾರೆ, ಕಿಟಕಿ ಇಟ್ಟರೆ ಅವತ್ತು ಅದು ಬರೀ ಗೂಡಾಗುತ್ತದೆ. ಆ ಖಾಲಿ ಸೈಟು ನನ್ನ ಸೋದರಮಾವನದು. ಹನ್ನೊಂದು ವರ್ಷಗಳಿಂದ ಅವರು ಅಲ್ಲಿ ಏನೂ ಕಟ್ಟಿರಲಿಲ್ಲ, ಅಮ್ಮನ ಜೊತೆ ಮಾತೂ ಆಡಿರಲಿಲ್ಲ.

ಕಾರಣ ಹೊಸದೇನಲ್ಲ. ತಾತನ ಜಮೀನು ಭಾಗ ಮಾಡುವಾಗ ಮನೆಯ ಹೆಣ್ಣುಮಕ್ಕಳೆಲ್ಲ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ, ನಮಗೇನೂ ಬೇಡ ಎಂದು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿ, ಹೋಟೆಲಿನಲ್ಲಿ ಮಸಾಲೆದೋಸೆ ತಿಂದು ಬರುವುದು ನಮ್ಮಲ್ಲಿ ರೂಢಿ. ಅಮ್ಮ ದೋಸೆ ತಿಂದಳು, ಸಹಿ ಹಾಕಲಿಲ್ಲ. ಊರಿನ ಹಿರಿಯರು ಕೂತು ಈ ಒಂದು ಜಾಗವನ್ನು ಎರಡು ಮಾಡಿ ಅರ್ಧ ಅಮ್ಮನಿಗೆ, ಅರ್ಧ ಮಾವನಿಗೆ ಅಂದರು. ಅಮ್ಮ ಮನೆ ಕಟ್ಟಿಸಿದಳು. ಆ ವರ್ಷದಿಂದ ಗೌರಿ ಹಬ್ಬಕ್ಕೆ ತವರಿನಿಂದ ಬರುತ್ತಿದ್ದ ಸೀರೆ, ಬಾಗಿನ ನಿಂತುಹೋಯಿತು. ಅಪ್ಪ ಈ ವಿಷಯದಲ್ಲಿ ಏನೂ ಮಾತಾಡುವುದಿಲ್ಲ. ಬೇರೆ ವಿಷಯಗಳಲ್ಲೂ ಅಷ್ಟೆ.

ಕಲಾವಿದೆ ಬರೆಯಬೇಕೆಂದುಕೊಂಡು ಬಂದಿದ್ದು ಮೀನು. ನಮ್ಮ ಕೆರೆಗಳಲ್ಲಿ ಮೀನು ಸತ್ತುಹೋಗುತ್ತಿರುವ ಬಗ್ಗೆ ಆಕೆಗೆ ಬೇಸರವಿತ್ತು. ಗೋಡೆಯ ಅಳತೆ ತೆಗೆಯಲು ತಾರಸಿಗೆ ಹತ್ತಿದಾಗ ಅಲ್ಲಿ ಅಮ್ಮ ನೈಟಿಯ ಮೇಲೆ ಟವೆಲ್ ಹೊದ್ದುಕೊಂಡು ಅವರೆಕಾಳು ಹಿತುಕುತ್ತ ಕೂತಿದ್ದಳು. ಕಲಾವಿದೆ ಮೀನನ್ನು ಅಲ್ಲಿಗೇ ಕೈಬಿಟ್ಟಳು. ಅಮ್ಮ ರೇಷ್ಮೆ ಸೀರೆ ಉಟ್ಟು ಬರುತ್ತೇನೆ ಎಂದಳು. ಕಲಾವಿದೆ ನೈಟಿಯೇ ಚೆಂದ ಎಂದಳು. ನಾನು ಮಧ್ಯೆ ಹಿಂದಿಯಲ್ಲೂ ಕನ್ನಡದಲ್ಲೂ ಅರ್ಧ ಗಂಟೆ ಸಂಧಾನ ಮಾಡಿದೆ. ಕೊನೆಗೆ ಕತ್ತಿನ ಕೆಳಗೆ ಏನೂ ಬರೆಯುವುದು ಬೇಡ, ಮುಖ ಸಾಕು ಎಂದು ತೀರ್ಮಾನವಾಯಿತು.

"ಮೂಗುಬೊಟ್ಟು ಮಾತ್ರ ಸರಿಯಾಗಿ ಬರೀಬೇಕು ಅಂತ ಹೇಳು. ಏಳು ಕಲ್ಲು. ಎಣಿಸಿ ಬರೀಲಿ," ಎಂದಳು ಅಮ್ಮ.

ಆ ಮೂಗುಬೊಟ್ಟನ್ನು ಮಾಡಿಸಿಕೊಟ್ಟವರು ಮಾವ. ದ್ರಾಕ್ಷಿ ತೋಟದ ಮೊದಲ ಬೆಳೆ ಬಂದ ವರ್ಷ, ತಂಗಿಯ ಮದುವೆಗೆ ಎಂದು ಕೊಟ್ಟಿದ್ದರಂತೆ. ಜಗಳ ಆದ ಮೇಲೂ ಅಮ್ಮ ಅದನ್ನು ಒಂದು ದಿನವೂ ತೆಗೆದಿಟ್ಟವಳಲ್ಲ. ಕೇಳಿದರೆ, ತಿರುಪು ಬಿಗಿಯಾಗಿದೆ ಎನ್ನುತ್ತಿದ್ದಳು.

ಆಮೇಲೆ ತೊಡಕು ಶುರುವಾಯಿತು. ನಮ್ಮ ಓಣಿಗೆ ಕ್ರೇನ್ ಬರುವುದಿಲ್ಲ, ಬೊಂಬಿನ ಸಾರುವೆ ಕಟ್ಟಬೇಕು. ಸಾರುವೆ ನಿಲ್ಲಬೇಕಾದ್ದು ಮಾವನ ಸೈಟಿನಲ್ಲಿ. ಪಕ್ಕದವರ ಅಭ್ಯಂತರ ಇಲ್ಲ ಎಂಬ ಒಂದು ಹಾಳೆಗೆ ಸಹಿ ಬೇಕು ಎಂದರು ಪ್ರದರ್ಶನದವರು. ನನಗೂ ಮಾವನಿಗೂ ಎಲ್ಲಾದರೂ ಸಿಕ್ಕರೆ "ಊಟ ಆಯ್ತಾ" ಅನ್ನುವಷ್ಟು ಮಾತು ಉಳಿದಿತ್ತು. ಬಸ್ಸು ಹತ್ತಿ ಹೊಸಕೋಟೆ ಕಡೆ ಅವರ ಹೊಸ ಮನೆಗೆ ಹೋದೆ. ಊಟ ಆಯ್ತಾ ಎಂದರು. ಆಯ್ತು ಎಂದೆ. ಹಾಳೆ ಕೊಟ್ಟೆ.

"ಏನ್ ಬರೀತಾರಂತೆ?"

"ಮೀನು," ಎಂದೆ.

ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಸುಳ್ಳು ಹೇಳಬಾರದು ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತೇನೆ. ಆದರೆ ನಿಮ್ಮ ತಂಗಿಯ ಮುಖವನ್ನು ಎರಡು ಮಹಡಿ ಎತ್ತರಕ್ಕೆ ನಿಮ್ಮ ಸೈಟಿನ ಕಡೆಗೇ ತಿರುಗಿಸಿ ಬರೆಯುತ್ತಾರೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

"ಮೀನಾದ್ರೆ ಬರ್ಕಳ್ಲಿ ಬಿಡು," ಎಂದು ಸಹಿ ಹಾಕಿದರು.

ಮೊದಲ ದಿನ ಕಲಾವಿದೆ ಗೋಡೆಯ ತುಂಬ ಸೊನ್ನೆ, ಗೀಟು, ಕೊಕ್ಕೆಗಳನ್ನು ಮನಬಂದಂತೆ ಗೀಚಿದಳು. ಅದರ ಫೋಟೋ ತೆಗೆದು, ಮೊಬೈಲಿನಲ್ಲಿ ಅಮ್ಮನ ಮುಖವನ್ನು ಅದರ ಮೇಲೆ ಕೂರಿಸಿಕೊಂಡು, ಯಾವ ಕೊಕ್ಕೆಯ ಹತ್ತಿರ ಕಣ್ಣು, ಯಾವ ಗೀಟಿನ ಹತ್ತಿರ ತುಟಿ ಎಂದು ಗುರುತು ಹಿಡಿಯುವ ವಿಧಾನವಂತೆ. ಅಮ್ಮನಿಗೆ ಇದು ತಿಳಿಯದು. ಸಂಜೆ ಸೈಟಿನಲ್ಲಿ ನಿಂತು ತುಂಬ ಹೊತ್ತು ನೋಡಿ, "ಇಷ್ಟೇನಾ?" ಎಂದಳು. ಎಂಟು ದಿನಕ್ಕೆ ಮುಖ ಮೂಡಿತು. ಏಳು ಕಲ್ಲೂ ಸರಿಯಾಗಿದ್ದವು, ಅಮ್ಮ ಕೆಳಗಿನಿಂದ ಬೆರಳು ತೋರಿಸಿ ಎಣಿಸಿದಳು. ಚಿತ್ರ ಚೆನ್ನಾಗಿತ್ತು. ಇದನ್ನು ನಾನು ಒಪ್ಪಿಕೊಳ್ಳಲೇಬೇಕು. ಅಮ್ಮ ಏನನ್ನೋ ಹೇಳಲು ಹೊರಟು ಸುಮ್ಮನಾದಾಗ ಹೇಗಿರುತ್ತಾಳೋ ಹಾಗೇ ಇತ್ತು.

ಆದರೆ ಒಂದು ಮಾತನ್ನು ಯಾರೂ ಯೋಚಿಸಿರಲಿಲ್ಲ. ನಮ್ಮ ಬೀದಿಗಳಲ್ಲಿ ಒಬ್ಬರ ಮುಖ ದೊಡ್ಡದಾಗಿ ಕಾಣುವುದು ಎರಡೇ ಸಂದರ್ಭಗಳಲ್ಲಿ. ಒಂದು, ಮುಖಂಡರ ಹುಟ್ಟುಹಬ್ಬ. ಇನ್ನೊಂದು, ಭಾವಪೂರ್ಣ ಶ್ರದ್ಧಾಂಜಲಿ. ಅಮ್ಮ ಯಾವ ಪಕ್ಷದಲ್ಲೂ ಇರಲಿಲ್ಲ.

ಹೂವಿನಾಕೆ ನನ್ನ ಕೈ ಹಿಡಿದುಕೊಂಡು, "ಯಾವಾಗ ಓಗ್ಬಿಟ್ರಕ್ಕ ಅಮ್ಮ? ಮೊನ್ನೆ ತಾನೆ ನನ್ ಹತ್ರ ಚೌಕಾಸಿ ಮಾಡಿದ್ರು," ಎಂದು ಕಣ್ಣೊರೆಸಿಕೊಂಡಳು. ಊರಿನಿಂದ ಫೋನುಗಳು ಬಂದವು. ಅಮ್ಮನೇ ಎತ್ತಿಕೊಂಡು, "ಊಂ, ನಾನೇ ಮಾತಾಡ್ತಿರೋದು. ಇಲ್ಲ, ಇನ್ನೂ ಇಲ್ಲ," ಎಂದು ಎಲ್ಲರಿಗೂ ಸಮಾಧಾನ ಹೇಳಿದಳು. ಅಳುವ ದನಿಯಲ್ಲಿ ಮಾಡಿದವರು ಯಾರು, ಒಣ ದನಿಯಲ್ಲಿ ಮಾಡಿದವರು ಯಾರು ಎಂದು ಲೆಕ್ಕ ಇಟ್ಟುಕೊಂಡಳು.

ಮಾವನಿಗೂ ಯಾರೋ ಹೇಳಿದರು, "ನಿಮ್ ತಂಗಿ ಫೋಟೋ ಹಾಕವ್ರೆ, ನೋಡಿಲ್ವಾ?" ಎಂದು. ಫೋನು ಮಾಡಿ ವಿಚಾರಿಸಬಹುದಿತ್ತು. ಆದರೆ ನಮ್ಮ ನಂಬರನ್ನು ಇನ್ನೊಬ್ಬರ ಹತ್ತಿರ ಕೇಳಿದರೆ, ತಂಗಿಯ ನಂಬರು ತನ್ನಲ್ಲಿ ಇಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತದಲ್ಲ. ಬೆಳಿಗ್ಗೆ ಹತ್ತೂವರೆಗೆ ಬಿಳಿ ಪಂಚೆ ಉಟ್ಟು ಸ್ಕೂಟರಿನಲ್ಲಿ ಬಂದರು. ಹ್ಯಾಂಡಲಿಗೆ ಎರಡು ಕವರು ತೂಗುಹಾಕಿದ್ದರು. ಒಂದರಲ್ಲಿ ಹೂವಿನ ಹಾರ, ಇನ್ನೊಂದು ಸೀರೆ ಅಂಗಡಿಯದು. ಹೆಣ್ಣುಮಗಳು ಸತ್ತರೆ ತವರಿನ ಸೀರೆ ಹೊದಿಸಿಯೇ ಕಳಿಸಬೇಕು. ಬದುಕಿದ್ದಾಗ ಮಾತು ಬಿಟ್ಟವರೂ ಆ ಸೀರೆಯನ್ನು ತಪ್ಪಿಸುವುದಿಲ್ಲ.

ತಮ್ಮ ಸೈಟಿನಲ್ಲಿ ಹರಳುಗಿಡಗಳ ನಡುವೆ ನಿಂತು ಗೋಡೆಯನ್ನು ನೋಡಿದರು. ನಾನು ಗೇಟಿನ ಹತ್ತಿರ ನಿಂತಿದ್ದೆ. ಅಷ್ಟರಲ್ಲಿ ತಾರಸಿಯಿಂದ, ಚಿತ್ರದ ಹಣೆಯ ಮೇಲುಗಡೆ, ಅಮ್ಮನ ತಲೆ ಕಾಣಿಸಿತು. ಕೈಯಲ್ಲಿ ಅವರೆಕಾಳಿನ ಬೋಸಿ ಇತ್ತು. ಮಾವ ಕೆಳಗಿನ ಮುಖ ನೋಡಿದರು, ಮೇಲಿನ ಮುಖ ನೋಡಿದರು. ಪಂಚೆಯ ಚುಂಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಮೀನು ಅಂದಿದ್ಯಲ್ಲಮ್ಮ," ಎಂದು ಸ್ಕೂಟರ್ ಹತ್ತಿ ಹೊರಟುಹೋದರು. ಎರಡೂ ಕವರುಗಳನ್ನು ವಾಪಸ್ಸು ತೆಗೆದುಕೊಂಡು ಹೋದರು.

ಅಮ್ಮ ಅವತ್ತು ಕಾಳು ಹಿತುಕಲಿಲ್ಲ. ಬೋಸಿ ಕೆಳಗಿಟ್ಟು, "ಸತ್ರೆ ಬರ್ತಾನೆ. ಅಷ್ಟು ಗೊತ್ತಾಯ್ತಲ್ಲ, ಬಿಡು," ಎಂದಳು. ನನಗೆ ಅಳು ಬಂತು. ಅವಳಿಗೂ ಬಂದಿರಬೇಕು, ಈರುಳ್ಳಿ ಹೆಚ್ಚಲು ಕೂತಳು.

ಯುಗಾದಿ ಕಳೆದ ಮೇಲೆ ಮಾವನ ಸೈಟಿಗೆ ಜೆಸಿಬಿ ಬಂತು. ಸುಳ್ಳು ಹೇಳಿ ಸಹಿ ಹಾಕಿಸಿದ್ದಕ್ಕೆ ಇದು ಉತ್ತರ ಎಂದು ನನಗೆ ಅನುಮಾನವೇ ಇರಲಿಲ್ಲ. ತಪ್ಪು ನನ್ನದು, ಮುಚ್ಚಿಹೋಗುವುದು ಅಮ್ಮನ ಮುಖ. ಕಲಾವಿದೆಗೆ ಫೋನು ಮಾಡಿದೆ. ಬೀದಿಯ ಕಲೆ ಶಾಶ್ವತವಲ್ಲ, ಅದೇ ಅದರ ಸೊಗಸು ಎಂದಳು. ಆಕೆ ಆಗ ಕೊಚ್ಚಿಯಲ್ಲಿ ಇನ್ನೊಂದು ಗೋಡೆಯ ಮೇಲಿದ್ದಳು. ಇತ್ತ ಮೊದಲ ಮಹಡಿ ಎದ್ದು ಅಮ್ಮನ ಗದ್ದ ಹೋಯಿತು, ಆಮೇಲೆ ತುಟಿ ಹೋಯಿತು. ಪ್ರದರ್ಶನ ಮುಗಿದಿದ್ದರೂ ಅದರ ನಕ್ಷೆಯನ್ನು ಯಾರೂ ತಿದ್ದಿರಲಿಲ್ಲ. ಶನಿವಾರಗಳಂದು ಕ್ಯಾಮೆರಾ ಹಿಡಿದ ಜನ ಬಂದು, ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ತಲೆ ತೂರಿಸಿ, ಚೆನ್ನಾಗಿದೆ ಎಂದು ಹೋಗುತ್ತಿದ್ದರು.

ಸಂದಿ ಅಂದೆನಲ್ಲ, ಅದನ್ನು ನಾನು ಸರಿಯಾಗಿ ಗಮನಿಸಿದ್ದೇ ತಡವಾಗಿ. ಮಾವ ಮೂರಡಿ ಬಿಟ್ಟು ಕಟ್ಟುತ್ತಿದ್ದರು. ನಮ್ಮ ಕಡೆ ಮೂರು ಬೆರಳು ಬಿಟ್ಟವರನ್ನೂ ನಾನು ಕಂಡಿಲ್ಲ. ಚರಂಡಿಯ ಪೈಪಿಗೆ ಇರಬೇಕು ಎಂದುಕೊಂಡೆ. ಎರಡನೆಯ ಮಹಡಿಯ ಗೋಡೆ ಏಳುವಾಗ ಮೇಸ್ತ್ರಿಯೇ ನನ್ನನ್ನು ಕರೆದು ನ್ಯಾಯ ಕೇಳಿದ.

"ನೋಡಿ ಮೇಡಂ, ಯಜಮಾನ್ರು ಇಲ್ಲಿ ಕಿಟಕಿ ಬೇಕೇ ಬೇಕು ಅಂತಾವ್ರೆ. ರೋಡ್ ಕಡೆ ಇಡ್ತೀನಿ ಅಂದ್ರೆ ಕೇಳಲ್ಲ. ಗೋಡೆ ನೋಡಕ್ಕೆ ಯಾರಾನ ಕಿಟಕಿ ಇಡ್ತಾರಾ?"

ಇಟ್ಟಿಗೆ ದಾಟಿಕೊಂಡು ಹೋಗಿ ಆ ಚೌಕಟ್ಟಿನಲ್ಲಿ ನಿಂತು ನೋಡಿದೆ. ಕಣ್ಣು ಕಾಣುತ್ತಿರಲಿಲ್ಲ, ತುಟಿ ಕಾಣುತ್ತಿರಲಿಲ್ಲ. ಸರಿಯಾಗಿ ಎದುರಿಗೆ, ತಟ್ಟೆಯಷ್ಟು ಅಗಲದ ಮೂಗುಬೊಟ್ಟು.

ಅಮ್ಮನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ. "ಎಷ್ಟು ಬಿಟ್ಟವ್ನೆ?"

"ಮೂರಡಿ."

ಮಾರನೆಯ ದಿನ ಅದೇ ಮೇಸ್ತ್ರಿಯನ್ನು ಕರೆಸಿ, ನನ್ನ ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದು, "ಇಲ್ಲಿ ಒಡೀರಿ," ಎಂದಳು. ನಾನು ಹೌಹಾರಿದೆ. ಅಮ್ಮ, ಚಿತ್ರ ಹಾಳಾಗುತ್ತೆ, ಸರಿಯಾಗಿ ಮೂಗುಬೊಟ್ಟು ಇರೋ ಜಾಗ ಅದು ಎಂದೆ.

"ಅದಕ್ಕೇ," ಎಂದಳು. "ಅಸಲಿ ಇನ್ನೂ ನನ್ ಮೂಗಲ್ಲೇ ಅದೆ. ಗೋಡೆ ನೋಡ್ಕಂಡು ಯಾಕೆ ಕೂತ್ಕಬೇಕು ಅವ್ನು?"

ಗೌರಿ ಹಬ್ಬದ ಹೊತ್ತಿಗೆ ಚೌಕಟ್ಟು ಕೂರಿಸಿದ್ದಾಗಿತ್ತು, ಕಂಬಿ ಹಾಕಿಸಿರಲಿಲ್ಲ. ಹನ್ನೊಂದು ವರ್ಷಗಳ ಮೇಲೆ ನನ್ನ ಕೋಣೆಗೆ ಗಾಳಿ ಬಂದಿತ್ತು, ಜೊತೆಗೆ ಸಿಮೆಂಟಿನ ಧೂಳೂ ಬಂದಿತ್ತು. ಬೆಳಿಗ್ಗೆ ಅಮ್ಮ ಅಲ್ಲಿ ಹೂ ಕಟ್ಟುತ್ತ ಕೂತಿದ್ದಳು. ಎದುರಿನ ಕಿಟಕಿಯಲ್ಲಿ ಮಾವ ಬಂದು ನಿಂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಮಾವ ಕೈ ಚಾಚಿ ಒಂದು ಕವರನ್ನು ಈಚೆಗೆ ಹಿಡಿದರು. ಅಂಗಡಿಯ ಕವರಿನ ಗುರುತು ನನಗೂ ಸಿಕ್ಕಿತು, ಅಮ್ಮನಿಗೂ ಸಿಕ್ಕಿತು.

"ಅದೇ ಸೀರೆನಾ?" ಎಂದಳು ಅಮ್ಮ.

"ಇನ್ಯಾವ್ದು. ವಾಪಸ್ ತಗಳಲ್ಲ ಅಂದ್ಬಿಟ್ರು ಅಂಗಡಿಯವ್ರು."

ಅಮ್ಮ ಕವರು ತೆಗೆದುಕೊಂಡು ಸೆರಗು ಬಿಡಿಸಿ ನೋಡಿದಳು. "ಈ ಬಣ್ಣ ನಂಗೆ ಒಪ್ಪಲ್ಲ ಅಂತ ಗೊತ್ತಿಲ್ವಾ ಅಣ್ಣ ನಿಂಗೆ?"

"ನೀನು ನೋಡಲ್ಲ ಅನ್ಕಂಡು ತಂದಿದ್ದು," ಎಂದರು ಮಾವ.

ಅಮ್ಮ ಒಳಗೆ ಹೋಗಿ ಅದನ್ನೇ ಉಟ್ಟುಕೊಂಡು ಬಂದಳು. ಮಾವ ಇನ್ನೂ ಕಿಟಕಿಯಲ್ಲೇ ನಿಂತಿದ್ದರು.