ಹೊಂಗೆ ಮರದಡಿಗೆ ಹೋದ ಚಂದ್ರಂಕಿ

ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ವೆಂಕಟರತ್ನಮ್ಮ ರೇಷ್ಮೆ ಹುಳುಮನೆಯ ಬಾಗಿಲಲ್ಲಿ ನಿಂತು, "ಹುಳ ಹಣ್ಣಾಗವೆ, ಬರ್ರಮ್ಮಾ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

ಜಂಗಮಕೋಟೆ ಕಡೆಯ ಆ ಊರಿನಲ್ಲಿ ಈ ಕೂಗಿಗೆ ಯಾರೂ ಇಲ್ಲವೆನ್ನರು. ಹಣ್ಣಾದ ರೇಷ್ಮೆಹುಳು ಕಾಯುವುದಿಲ್ಲ. ಅದನ್ನು ಆರಿಸಿ, ಗೂಡು ಕಟ್ಟಲೆಂದು ಚಂದ್ರಂಕಿ ಎಂಬ ಬಿದಿರು ತಟ್ಟಿಯ ಸುರುಳಿಗಳ ಮೇಲೆ ಬಿಡಬೇಕು. ಇಂದು ಇವರ ಮನೆ, ನಾಳೆ ಅವರ ಮನೆ.

ಆದರೆ ಅಂದು ಹೆಂಗಸರೆಲ್ಲ ಹಾಲಿನ ಡೈರಿ ಪಕ್ಕದ ಹೊಂಗೆ ಮರದಡಿ ಕುಳಿತಿದ್ದರು. ಎದುರಿಗೇ ಹೊಸ ಬಾರ್. ಕುಡಿದವರು ದಾರಿಗಡ್ಡ ಬೀಳುತ್ತಿದ್ದರು, ಬಾಟಲಿ ಒಡೆದು ಹಿಪ್ಪುನೇರಳೆ ತೋಟಕ್ಕೆ ಎಸೆಯುತ್ತಿದ್ದರು. ಸೊಪ್ಪು ಕೀಳಲು ಹೋದ ಅಮ್ಮಾಜಮ್ಮನ ಅಂಗಾಲಿಗೆ ಹೊಲಿಗೆ ಬಿದ್ದಿತ್ತು. ಬಾರ್ ತೆಗೆಸಲೇಬೇಕೆಂದು ಎಲ್ಲರನ್ನೂ ಕೂಡಿಸಿದವಳು ವೆಂಕಟರತ್ನಮ್ಮನ ಮೈದುನನ ಹೆಂಡತಿ ಸೌಜನ್ಯ. ಊಟದ ಹೊತ್ತಿನ ಮೇಲೆ ಅಬಕಾರಿ ಅಧಿಕಾರಿ ಬರುವವರಿದ್ದರು.

ಮೊದಲೆಲ್ಲ ಹುಳಕ್ಕೆ ರೋಗ ಬಂದರೂ, ಮಗುವಿಗೆ ಹೆಸರಿಡಬೇಕೆಂದರೂ "ರತ್ನಮ್ಮನ್ನ ಕೇಳ್ರಪ್ಪ" ಎನ್ನುತ್ತಿದ್ದರು. ಈಗ ಡೈರಿಯಲ್ಲಿ ಸೌಜನ್ಯ, ನಲ್ಲಿಯ ಹತ್ತಿರ ಸೌಜನ್ಯ. ಗಂಡ ಚನ್ನಕೇಶವ ಕೂಡ ಉಣ್ಣುತ್ತಾ, "ಹುಡುಗಿ ಗಟ್ಟಿಗಿತ್ತಿ" ಅಂದಿದ್ದ. ಅವತ್ತು ಅವನ ತಟ್ಟೆಗೆ ಎರಡನೇ ಮುದ್ದೆ ಬೀಳಲಿಲ್ಲ. "ಒಂದು ಮನೇಗೆ ಒಬ್ಬಳೇ ದೊಡ್ಡೋಳು" ಎಂದು ವೆಂಕಟರತ್ನಮ್ಮ ಕೈ ತೊಳೆದುಕೊಂಡು ಎದ್ದಿದ್ದಳು.

ಕೂಗು ಕೇಳಿ ಹೆಂಗಸರು ಒಬ್ಬೊಬ್ಬರಾಗಿ ಮರದಡಿಯಿಂದ ಎದ್ದು ಬಂದರು. ವೆಂಕಟರತ್ನಮ್ಮನ ಹೊಟ್ಟೆ ತಣ್ಣಗಾಯಿತು. ಕೊನೆಗೆ ಸೌಜನ್ಯಳೂ ಬಂದು ಸೆರಗು ಸಿಕ್ಕಿಸಿ ಕುಳಿತಳು.

"ಹೋರಾಟ ಬಿಟ್ಟು ಬಂದ್ಯಲ್ಲಮ್ಮಾ?"

"ಹುಳ ಕಾಯಲ್ವಲ್ಲಕ್ಕಾ."

ಅವಳು ಒಂದು ಹುಳುವನ್ನು ಬೆಳಕಿಗೆ ಹಿಡಿದಳು. ಹಣ್ಣಾಗಿದ್ದರೆ ಮೈ ಹಳದಿಯಾಗಿ, ಬೆಳಕು ಒಳಗಿಂದ ಹಾಯುವಂತೆ ಕಾಣಬೇಕು. ಇದಿನ್ನೂ ಹಸಿರು. ಅಕ್ಕನ ಮುಖ ನೋಡಿ, ಅದನ್ನು ಮತ್ತೆ ಎಲೆಯ ಮೇಲಿಟ್ಟಳು.

ಅಮ್ಮಾಜಮ್ಮ ಸುಮ್ಮನಿರಲಿಲ್ಲ. "ಇದೇನೇ ರತ್ನಮ್ಮ, ಇನ್ನೂ ಸೊಪ್ಪು ತಿಂತಾ ಅವೆ! ನಾಳೆ ಕರಿಯೋದನ್ನ ಇವತ್ತೇ ಕರ್ದಿದ್ದೀಯ. ಬಾರ್‌ನೋನು ನಿಂಗೆ ರೇಷ್ಮೆ ಸೀರೆನೇ ಕಳಿಸ್ತಾನೆ ಬಿಡು."

ಎಲ್ಲರೂ ನಕ್ಕರು. ಸೌಜನ್ಯ ಮಾತ್ರ, "ಸೆಕೆ ಜಾಸ್ತಿ ಐತಲ್ಲ, ಅಕ್ಕಂಗೆ ಗಾಬರಿ ಆಗೈತೆ" ಎಂದಳು.

ಆ ನಗುವಿಗಿಂತ ಈ ಮಾತು ಹೆಚ್ಚು ಚುಚ್ಚಿತು. ವೆಂಕಟರತ್ನಮ್ಮ ತಟಕ್ಕನೆ ಎದ್ದಳು. "ಆಗಿರೋವಷ್ಟನ್ನ ಚಂದ್ರಂಕಿಗೆ ಬಿಡಿ. ಎತ್ಕೊಳಿ. ಆ ಮರದ ಕೆಳಗೇ ನಿಲ್ಸಣ."

ಬಾರಿನ ಎದುರು ನಾಲ್ಕು ಚಂದ್ರಂಕಿ ನಿಂತವು. ಹುಳುವಿನ ಹತ್ತಿರ ಬೀಡಿ ಸೇದಬಾರದು, ಕುಡಿದು ಸುಳಿಯಬಾರದು. ಇದು ಆ ಊರಿನ ಕುಡುಕರಿಗೂ ಗೊತ್ತಿದ್ದ ಕಟ್ಟಳೆ. ಕುಡಿಯಲು ಬಂದ ಕೋನಪ್ಪ ಬಾಯಲ್ಲಿದ್ದ ಬೀಡಿಯನ್ನು ನೆಲಕ್ಕೆ ತೀಡಿ, "ಹುಳ ಇಟ್ಟವ್ರೆ, ನಡೀರೋ" ಎಂದು ಹಿಂದಿರುಗಿದ. ಬಂದವರೆಲ್ಲ ಅವನ ಹಿಂದೆ ಹೋದರು.

ಅಧಿಕಾರಿ ಬಂದಾಗ ಬಾರ್ ಭಣಗುಡುತ್ತಿತ್ತು. ತೋಟದ ಗಾಜನ್ನೂ ಅಮ್ಮಾಜಮ್ಮನ ಅಂಗಾಲನ್ನೂ ನೋಡಿ ಬರೆದುಕೊಂಡರು. ಯುಗಾದಿಯ ಹೊತ್ತಿಗೆ ಬಾರ್ ಊರಾಚೆಗೆ ಹೋಯಿತು. ಊರವರು ಇಂದಿಗೂ ನೆನೆಯುವುದು ಮಾತ್ರ ಅವತ್ತು ಅಧಿಕಾರಿ ಕೇಳಿದ ಪ್ರಶ್ನೆಯನ್ನು.

"ಇದಕ್ಕೆಲ್ಲ ಮುಂದಾಳು ಯಾರಮ್ಮ?"

"ನಮ್ಮಕ್ಕ" ಎಂದುಬಿಟ್ಟಳು ಸೌಜನ್ಯ.

ದೊಡ್ಡ ಮನಸ್ಸು ತೋರಿಸುವುದರಲ್ಲೂ ಇವಳೇ ಮೊದಲಾದಳಲ್ಲ ಎಂದು ವೆಂಕಟರತ್ನಮ್ಮನ ಹೊಟ್ಟೆ ಮತ್ತೊಮ್ಮೆ ಉರಿಯಿತು.

"ನೀವೊಬ್ಬರೇನಾ?" ಎಂದು ಅಧಿಕಾರಿ ಅವಳತ್ತ ತಿರುಗಿದರು.

ಅವಳು ಸೌಜನ್ಯಳ ರಟ್ಟೆ ಹಿಡಿದು ಮುಂದಕ್ಕೆಳೆದು, ಬೀದಿಗೆಲ್ಲ ಕೇಳುವಂತೆ ಹೇಳಿದಳು: "ಇಬ್ರು."